ರೋಗಿಯ ನುಡಿಯೂ ಚಿಕಿತ್ಸೆಯ ಒಂದು ಪಾದ

(ಶ್ರೀಮಠದ ಮಹೋತ್ಸವದ ನಿಮಿತ್ತ ಕೊಳಾರದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಸದ್ಭಕ್ತರೇ, ಇಂಥ ಮಹೋತ್ಸವಗಳಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ನಿರೂಪಣವಾಗುವದು ರೂಢಿ. ಇಂದಿನ ವಿಷಯವು ನೋಡುವದಕ್ಕೆ ಸಣ್ಣದಾಗಿ ಕಾಣುವದು. ಅದೇನೆಂದರೆ, ಅಕಸ್ಮಾತ್ತಾಗಿ ವ್ಯಾಧಿಯೋ ಅಪಘಾತವೋ ಒದಗಿ ದವಾಖಾನೆಗೆ ಓಡಬೇಕಾಗಿ ಬಂದಾಗ ರೋಗಿಯೂ ಅವನ ಮನೆಯವರೂ ಅಲ್ಲಿ ಏನು ಹೇಳತಕ್ಕದ್ದು, ಏನು ಕೇಳತಕ್ಕದ್ದು, ಎಷ್ಟಕ್ಕೆ ಸುಮ್ಮನಿರತಕ್ಕದ್ದು, ಎಲ್ಲಿ ಸುಮ್ಮನಿರಬಾರದು ಎಂಬದು. ಇದು ಮಠದ ವೇದಿಕೆಗೆ ಒಪ್ಪುವ ಮಾತೇ ಎಂದು ಯಾರಾದರೂ ಸಂಶಯಪಟ್ಟರೆ ಅದಕ್ಕೆ ಸಮಾಧಾನವು ಇತಿಹಾಸದಲ್ಲಿಯೇ ಇರುವದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು, ಆ ಮಠವು ವಿದ್ಯೆಗೂ ಅನ್ನದಾನಕ್ಕೂ ಹೇಗೋ ಹಾಗೆಯೇ ನಾನಾ ರೋಗಿಗಳ ಚಿಕಿತ್ಸೆಗೂ ಆಶ್ರಯವಾಗಿತ್ತೆಂದು ಸಾರುತ್ತದೆ. ಶಿವಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ಶರಣನು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡಿದ್ದನು. ಇನ್ನು ಈ ಬೀದರ ನಗರದಲ್ಲಿಯೇ ಬಹಮನಿ ವಂಶದ ಎರಡನೆಯ ಅಲಾಉದ್ದೀನ್ ಅಹಮದನು (1436-1458) ಒಂದು ದೊಡ್ಡ ದವಾಖಾನೆಯನ್ನು ಕಟ್ಟಿಸಿ, ಔಷಧಕ್ಕೂ ರೋಗಿಗಳ ಆಹಾರಕ್ಕೂ ಗ್ರಾಮಗಳನ್ನು ಬಿಟ್ಟುಕೊಟ್ಟು, ಹಕೀಮರನ್ನೂ ಹಿಂದೂ ವೈದ್ಯರನ್ನೂ ಒಟ್ಟಿಗೆ ನೇಮಿಸಿದ್ದನೆಂದು ಇತಿಹಾಸಕಾರನಾದ ಫೆರಿಶ್ತಾ ಬರೆದಿಟ್ಟಿದ್ದಾನೆ. ಆದ್ದರಿಂದ ಆರೋಗ್ಯದ ಮಾತು ಮಠಕ್ಕೂ ಹೊಸದಲ್ಲ, ಈ ಮಣ್ಣಿಗೂ ಹೊಸದಲ್ಲ.

ಪ್ರಕೃತ ವಿಷಯಕ್ಕೆ ಬರುವದಾದರೆ, ಈ ಸೀಮೆಯ ರೈತನು ಸಂತೆಯಲ್ಲಿ ಒಂದು ಎತ್ತನ್ನು ಕೊಳ್ಳುವಾಗ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ಹತ್ತು ಪ್ರಶ್ನೆಗಳನ್ನು ಕೇಳುವನು. ಅದೇ ರೈತನು ತನ್ನ ಎದೆಯ ನೋವಿಗಾಗಿ ದವಾಖಾನೆಯ ಮೆಟ್ಟಿಲು ಹತ್ತಿದೊಡನೆ ಮೂಕನಾಗುವನು. ‘ಏನಾಗಿದೆ?’ ಎಂದು ಕೇಳಿದರೆ ‘ಆರಾಮಿಲ್ಲ’ ಎನ್ನುವನು. ಈ ಒಂದು ಮಾತಿನಿಂದ ವೈದ್ಯನು ಏನನ್ನು ತಿಳಿದಾನು? ನೆಗಡಿಯೂ ಆರಾಮಿಲ್ಲ, ಹೃದಯಾಘಾತವೂ ಆರಾಮಿಲ್ಲ. ಇದು ಒಂದು ದೋಷ. ಎರಡನೆಯ ದೋಷವು ಮರೆಮಾಚುವಿಕೆ. ನಾಚಿಕೆಯಿಂದಲೋ, ಪೊಲೀಸರ ಭಯದಿಂದಲೋ, ಮನೆತನದ ಮಾನಕ್ಕಾಗಿಯೋ ನಡೆದುದನ್ನು ಬೇರೆಯಾಗಿ ಹೇಳುವದು. ಮೂರನೆಯದು ಕೂಗಾಟ. ಹೇಳಬೇಕಾದಾಗ ಹೇಳದೆ, ಕೇಳಬೇಕಾದಾಗ ಕೇಳದೆ, ಕೊನೆಗೆ ಅನರ್ಥವಾದ ಮೇಲೆ ಹತ್ತಾರು ಜನರು ಕೂಡಿ ವೈದ್ಯರ ಮೇಲೆ ಬೀಳುವದು. ವೈದ್ಯರ ಮೇಲಣ ಹಲ್ಲೆಯು 2009ರ ಕರ್ನಾಟಕದ ಕಾಯ್ದೆಯಂತೆ ದಂಡನೀಯ ಅಪರಾಧವೆಂಬದು ಒಂದು ಕಡೆಗಿರಲಿ. ಅದರಿಂದ ಹೋದ ಜೀವವು ತಿರುಗಿ ಬಾರದು, ಮುಂದಿನ ರೋಗಿಗೆ ಸಿಕ್ಕಬೇಕಾದ ವೈದ್ಯನೂ ಸಿಕ್ಕಲಾರನು. ಮೌನ, ಮರೆ, ಕೂಗು ಎಂಬ ಈ ಮೂರನ್ನೂ ಬಿಟ್ಟು ನಾಲ್ಕನೆಯದಾದ ಸ್ಪಷ್ಟವಾದ ವಿನಯದ ನುಡಿಯನ್ನು ಕಲಿಯಬೇಕೆಂಬದೇ ಇಂದಿನ ಉಪನ್ಯಾಸದ ತಾತ್ಪರ್ಯ.

ಈ ನುಡಿಯು ಪಾಶ್ಚಾತ್ಯರಿಂದ ಬಂದ ಹೊಸ ಹಕ್ಕಿನ ಮಾತೆಂದು ಯಾರೂ ತಿಳಿಯಬಾರದು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಉಪಚಾರಕ, ರೋಗಿ. ನಾಲ್ಕು ಕಾಲಿನ ಮಂಚದಂತೆ ಒಂದು ಕುಂದಿದರೂ ಚಿಕಿತ್ಸೆ ನಿಲ್ಲದು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಯ ಗುಣಗಳು ಯಾವುವೆಂದರೆ ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ಎಂದರೆ ನೆನಪು, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ, ತನ್ನ ವ್ಯಾಧಿಯನ್ನು ತಿಳಿಯಹೇಳುವಿಕೆ. ರೋಗಿಯು ಗಾಡಿಯಲ್ಲಿ ಹೇರಿ ತಂದ ಮೂಟೆಯಲ್ಲ. ಚಿಕಿತ್ಸೆಯೆಂಬ ಕಾರ್ಯದಲ್ಲಿ ಅವನೂ ಒಬ್ಬ ಕರ್ತನು ಎಂಬದು ಇದರ ಅಭಿಪ್ರಾಯ. ಈ ನಾಲ್ಕು ಗುಣಗಳನ್ನು ಇಂದಿನ ತುರ್ತು ಚಿಕಿತ್ಸೆಯ ಕೋಣೆಗೆ ಅನ್ವಯಿಸಿ ನೋಡುವದು ಉಚಿತವಾಗಿದೆ.

ಮೊದಲನೆಯದು ಜ್ಞಾಪಕತ್ವ. ವೈದ್ಯನು ಸರ್ವಜ್ಞನಲ್ಲ, ರೋಗಿಯ ಮಾತೇ ಅವನಿಗೆ ಮೊದಲನೆಯ ದೀಪ. ಆದಕಾರಣ ಮೊದಲ ವಾಕ್ಯದಲ್ಲಿಯೇ ಮೂರು ಸಂಗತಿಗಳು ಬರತಕ್ಕದ್ದು: ಏನಾಗುತ್ತಿದೆ, ಯಾವ ಗಳಿಗೆಯಲ್ಲಿ ಆರಂಭವಾಯಿತು, ಮೊದಲಿಗಿಂತ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ. ‘ಬೆಳಗಿನ ಆರು ಗಂಟೆಗೆ ಎದೆಯ ನಡುವೆ ಒತ್ತಿ ಹಿಡಿದಂತಾಯಿತು, ಎಡಗೈಗೆ ಇಳಿಯಿತು, ಬೆವರು ಬಂತು, ಇನ್ನೂ ಬಿಟ್ಟಿಲ್ಲ’ ಎಂಬಷ್ಟು ಹೇಳಿದರೆ ವೈದ್ಯನ ಅರ್ಧ ಕೆಲಸವಾದಂತೆಯೇ. ಎದೆನೋವಿನ ರೋಗಿಗೆ ಬಂದ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕೆಂಬದು ವೈದ್ಯಶಾಸ್ತ್ರದ ನಿಯಮ. ಅದನ್ನು ಇನ್ನೂ ತೆಗೆಯದಿದ್ದರೆ ‘ಇ.ಸಿ.ಜಿ. ತೆಗೆಯಬೇಕಾಗಿದೆಯೇ?’ ಎಂದು ಕೇಳುವದು ಅಧಿಕಪ್ರಸಂಗವಲ್ಲ. ಮೊದಲನೆಯದರಲ್ಲಿ ಏನೂ ಕಾಣದಿದ್ದರೂ ನೋವು ಉಳಿದಿದ್ದರೆ ಮತ್ತೊಮ್ಮೆ ತೆಗೆಯುವಂತೆ ಕೇಳಬಹುದು. ಮೊದಲು ಕಾಣದ ವಿಕಾರವು ಆಮೇಲೆ ಕಾಣುವದುಂಟು. ಸಕ್ಕರೆ ಬೇನೆಯವರಲ್ಲಿ, ವೃದ್ಧರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರಿಯ ಉಸಿರುಕಟ್ಟುವಿಕೆ, ವಾಂತಿ, ಬಳಲಿಕೆ, ದವಡೆಯ ನೋವಾಗಿಯೂ ಬರುವದು. ಅದನ್ನು ಪಿತ್ತವೆಂದೂ ಗ್ಯಾಸೆಂದೂ ರೋಗಿಯೇ ತೀರ್ಮಾನಿಸಿ ಹೇಳಬಾರದು. ಲಕ್ಷಣವನ್ನು ಹೇಳುವದು ರೋಗಿಯ ಕೆಲಸ. ಹೆಸರಿಡುವದು ವೈದ್ಯನ ಕೆಲಸ.

ಲಕ್ವದ ವಿಷಯದಲ್ಲಿ ಗಳಿಗೆಯ ಬೆಲೆಯು ಇನ್ನೂ ಹೆಚ್ಚು. ಮುಖ ಒಂದು ಕಡೆಗೆ ಸೊಟ್ಟಾಗುವದು, ಒಂದು ಕೈ ಎತ್ತಲಾಗದಿರುವದು, ಮಾತು ತೊದಲುವದು, ಇವು ಅದರ ಚಿಹ್ನೆಗಳು. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸೂಜಿಮದ್ದು ಉಂಟು. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ತೋರಿದ ನಾಲ್ಕೂವರೆ ಗಂಟೆಯೊಳಗೆ, ಅದೂ ತಲೆಯ ಸಿ.ಟಿ. ಚಿತ್ರವನ್ನು ತೆಗೆದು ರಕ್ತಸ್ರಾವವಿಲ್ಲವೆಂದು ನೋಡಿದ ಮೇಲೆ ಕೊಡತಕ್ಕದ್ದು. ಹೀಗಿರಲು ಎಣ್ಣೆ ತಿಕ್ಕಿಸಿ, ನಾಟಿ ಮದ್ದಿಗಾಗಿ ಹಳ್ಳಿಯಿಂದ ಹಳ್ಳಿಗೆ ಒಯ್ದು, ಮೂರನೆಯ ದಿನ ದವಾಖಾನೆಗೆ ತಂದರೆ ಆ ಸೂಜಿಯ ಕಾಲವು ಎಂದೋ ಮೀರಿರುವದು. ಜೊತೆಗೆ ಬಂದವರು ‘ಕಡೆಯ ಸಲ ಚೆನ್ನಾಗಿದ್ದುದನ್ನು ಕಂಡದ್ದು ಎಷ್ಟು ಗಂಟೆಗೆ’ ಎಂಬದನ್ನು ತಪ್ಪದೆ ಹೇಳಬೇಕು. ನಿದ್ದೆಯಿಂದೇಳುವಾಗಲೇ ಕೈ ಬಿದ್ದಿದ್ದರೆ, ಮಲಗಿದ ಹೊತ್ತನ್ನು ಹೇಳಬೇಕು.

ಹಾವು ಕಚ್ಚಿದಾಗಲೂ ಹೀಗೆಯೇ. ತೊಗರಿ, ಉದ್ದು, ಸೋಯಾಗಳ ಹೊಲಗಳಲ್ಲಿ ದುಡಿಯುವ ಈ ಸೀಮೆಗೆ ಇದು ದೂರದ ಮಾತಲ್ಲ. ಹಾವನ್ನು ಹುಡುಕಿ ಹೊಡೆದು ತರಬೇಕಾದ ಅವಶ್ಯವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವನ್ನು ದೇಶದಲ್ಲಿ ಕೊಡುತ್ತಾರೆ. ಕಚ್ಚಿದ ಹೊತ್ತು, ಆಮೇಲೆ ಕ್ರಮವಾಗಿ ತೋರಿದ ಲಕ್ಷಣಗಳು, ನಡುವೆ ಮಾಡಿದ ಕಟ್ಟು, ಕುಡಿಸಿದ ಬೇರು, ಇವನ್ನೆಲ್ಲ ಮುಚ್ಚದೆ ಹೇಳಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಅನೇಕ ವೇಳೆ ನೋವೂ ಇಲ್ಲ, ಗಾಯವೂ ಕಾಣದು. ಬೆಳಗಿಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವಿಕೆ, ನುಂಗಲಾಗದಿರುವಿಕೆ ತೋರುವವು. ಅಂಥವನನ್ನು ಕರೆತಂದವರು ‘ರಾತ್ರಿ ನೆಲದ ಮೇಲೆ ಮಲಗಿದ್ದನು’ ಎಂಬ ಒಂದು ಮಾತನ್ನು ಹೇಳಿದರೆ ಒಂದು ಜೀವ ಉಳಿದೀತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಸರಕಾರಕ್ಕೆ ಕಡ್ಡಾಯವಾಗಿ ವರದಿಮಾಡತಕ್ಕ ಪ್ರಕರಣವೆಂದು ಘೋಷಿಸಿದ್ದು ಈ ವಿಷಯದ ಗುರುತ್ವವನ್ನು ಮನಗಂಡೇ.

ಕೊಳಾರದ ಭಕ್ತರಿಗಂತೂ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳನ್ನೂ ರಸಾಯನಗಳನ್ನೂ ತಯಾರಿಸುವ ಕಾರ್ಖಾನೆಗಳಿವೆ. ಅನೇಕ ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಾರೆ. ಕೆಲಸದಲ್ಲಿ ಯಾವುದಾದರೂ ಹೊಗೆಯು ಉಸಿರಿಗೆ ಸೇರಿದರೆ, ದ್ರವವು ಕಣ್ಣಿಗೋ ಮೈಗೋ ಸಿಡಿದರೆ, ‘ಕೆಮಿಕಲ್ ಬಿದ್ದಿದೆ’ ಎಂದಷ್ಟೇ ಹೇಳಿದರೆ ಸಾಲದು. ಯಾವ ರಸಾಯನವೆಂಬದರ ಹೆಸರನ್ನೂ, ಕಾರ್ಖಾನೆಯಲ್ಲಿ ಅದಕ್ಕೆ ಸಂಬಂಧಿಸಿದ ಸುರಕ್ಷತಾ ಪತ್ರದ ಪ್ರತಿಯನ್ನೂ ರೋಗಿಯೊಡನೆಯೇ ಕಳಿಸುವಂತೆ ಸಂಗಡಿಗರು ಕೇಳತಕ್ಕದ್ದು. 1984ರ ಡಿಸೆಂಬರದಲ್ಲಿ ಭೋಪಾಳದಲ್ಲಿ ವಿಷಾನಿಲ ಹರಡಿದ ರಾತ್ರಿ ಸಾವಿರಾರು ಜನರು ದವಾಖಾನೆಗೆ ಬಂದು ಬಿದ್ದಾಗ, ಅದು ಯಾವ ಅನಿಲ, ಅದಕ್ಕೆ ಮದ್ದೇನು ಎಂಬದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಯದೆ ಹೋಯಿತು. ಆ ದುರಂತದ ತರುವಾಯವೇ, 1987ರಲ್ಲಿ, ಅಪಾಯಕರ ವಸ್ತುಗಳ ವಿಷಯವನ್ನು ಕಾರ್ಮಿಕರಿಗೆ ತಿಳಿಸಲೇಬೇಕೆಂಬ ವಿಧಿಯನ್ನು ಕಾರ್ಖಾನೆಗಳ ಕಾಯ್ದೆಯಲ್ಲಿ ಸೇರಿಸಲಾಯಿತು. ಹೆಸರು ತಿಳಿಯದ ವಿಷಕ್ಕೆ ಮದ್ದು ಹುಡುಕುವದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಮರೆಮಾಚುವಿಕೆಯ ಮಾತೂ ಇಲ್ಲಿಯೇ ಬರುವದು. ಬೆಳೆಗೆ ಹೊಡೆಯುವ ಔಷಧವನ್ನು ಮನಸ್ಸಿನ ಸಂಕಟದಲ್ಲಿ ಕುಡಿದವರನ್ನು ತಂದು ‘ತಿಂದದ್ದು ಒಗ್ಗಲಿಲ್ಲ’ ಎಂದು ಹೇಳುವವರುಂಟು. ಇದರಷ್ಟು ಅಪಾಯಕರವಾದ ಸುಳ್ಳು ಬೇರೊಂದಿಲ್ಲ. ಡಬ್ಬಿಯನ್ನೇ ತಂದು ತೋರಿಸಬೇಕು. ಯಾವ ವಿಷವೆಂಬದರ ಮೇಲೆ ಮದ್ದು ನಿಂತಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಹೀಗೆ ಮಾಡಿಕೊಂಡವರನ್ನು ತೀವ್ರ ಸಂಕಟದಲ್ಲಿದ್ದವರೆಂದು ಭಾವಿಸಿ, ಅವರಿಗೆ ದಂಡನೆಯಲ್ಲ, ಆರೈಕೆ ಸಲ್ಲಬೇಕೆಂದು ವಿಧಿಸಿದೆ. ಮದ್ಯಪಾನ, ಗರ್ಭ, ಗುಪ್ತರೋಗ, ಮನೆಯೊಳಗಿನ ಹೊಡೆತ, ಇವನ್ನು ಹತ್ತು ಜನರ ಮುಂದೆ ಹೇಳಲು ನಾಚಿಕೆಯಾದರೆ ‘ಒಬ್ಬರಿಗೇ ಹೇಳಬೇಕಾಗಿದೆ’ ಎಂದು ವೈದ್ಯರನ್ನೋ ನರ್ಸಮ್ಮನನ್ನೋ ಕೇಳಬಹುದು. ಗುರುವಿನ ಮುಂದೆ ಮನಸ್ಸನ್ನು ಮುಚ್ಚಬಾರದು, ವೈದ್ಯನ ಮುಂದೆ ಮೈಯ ನಿಜವನ್ನು ಮುಚ್ಚಬಾರದು.

ಎರಡನೆಯ ಗುಣ ಸ್ಮೃತಿ. ಸಂಕಟಕಾಲದಲ್ಲಿ ಬುದ್ಧಿವಂತನ ನೆನಪೂ ಕೈಕೊಡುವದು. ಆದುದರಿಂದ ಸ್ಮೃತಿಯನ್ನು ಕಾಗದದ ಮೇಲೆ ಇಡುವದೇ ಮೇಲು. ಮನೆಯಲ್ಲಿ ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಚೀಟಿಯಿರಲಿ. ಅದರಲ್ಲಿ ವಯಸ್ಸು, ಸಕ್ಕರೆ ಬೇನೆ, ಬಿ.ಪಿ., ಹೃದಯ, ಮೂತ್ರಪಿಂಡ ಮೊದಲಾದ ಹಳೆಯ ವ್ಯಾಧಿಗಳು, ದಿನವೂ ತೆಗೆದುಕೊಳ್ಳುವ ಗುಳಿಗೆಗಳ ಹೆಸರು ಮತ್ತು ಪ್ರಮಾಣ, ಮೈಗೆ ಒಗ್ಗದ ಮದ್ದು, ಆದ ಶಸ್ತ್ರಕ್ರಿಯೆಗಳು, ಮನೆಯವರ ಫೋನ್ ಸಂಖ್ಯೆ ಇಷ್ಟು ಸಾಕು. ರಕ್ತವನ್ನು ತೆಳುಮಾಡುವ ಗುಳಿಗೆಯನ್ನು ತೆಗೆದುಕೊಳ್ಳುವವನು ಬಿದ್ದು ತಲೆಗೆ ಪೆಟ್ಟಾದಾಗ ಆ ಗುಳಿಗೆಯ ಹೆಸರು ತಿಳಿಯುವದು ಪ್ರಾಣದ ಪ್ರಶ್ನೆ. ಪೆನಿಸಿಲಿನ್ ಒಗ್ಗದವನಿಗೆ ಅದನ್ನು ಕೊಟ್ಟರೆ ಮದ್ದೇ ಮೃತ್ಯುವಾದೀತು. ‘ಬಿಳಿ ಗುಳಿಗೆ, ಕೆಂಪು ಗುಳಿಗೆ’ ಎಂದು ಹೇಳುವದಕ್ಕಿಂತ ಗುಳಿಗೆಯ ಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವದು ಲೇಸು. ವ್ರತದ ಉಪವಾಸ, ಪೂಜೆಗೆ ಮುಂಚೆ ನೀರನ್ನೂ ಮುಟ್ಟದ ನಿಯಮ ಇರುವವರು ಅದನ್ನೂ ತಿಳಿಸಬೇಕು. ಸಕ್ಕರೆ ಬೇನೆಯ ಸೂಜಿಯನ್ನು ತೆಗೆದುಕೊಂಡು ಅನ್ನ ಬಿಟ್ಟವನು ಮೂರ್ಛೆಹೋಗುವದು ಅಪರೂಪವಲ್ಲ.

ಮೂರನೆಯದು ಅಭೀರುತ್ವ. ವ್ಯಾಧಿಗೂ ಚಿಕಿತ್ಸೆಗೂ ಅಂಜದಿರುವದೆಂಬುದು ಅದರ ಮೂಲಾರ್ಥ. ಇಂದಿನ ದಿನಗಳಲ್ಲಿ ಕೇಳುವದಕ್ಕೂ ಅಂಜದಿರುವದೆಂಬ ಅರ್ಥವನ್ನು ಅದಕ್ಕೆ ಕೂಡಿಸಬೇಕಾಗಿದೆ. ಇಲ್ಲಿ ಭಕ್ತರಿಗೆ ಒಂದು ಆಕ್ಷೇಪ ಹುಟ್ಟಬಹುದು: ‘ಭೃತ್ಯಾಚಾರವನ್ನು ಪಾಲಿಸುವವರು, ಎಲ್ಲರಿಗಿಂತ ಕಿರಿಯರೆಂದು ನಡೆಯತಕ್ಕವರು, ತಮಗಾಗಿ ತಾವೇ ವಾದಿಸುವದು ಯುಕ್ತವೇ?’ ಎಂದು. ಇದಕ್ಕೆ ಸಮಾಧಾನವೇನೆಂದರೆ, ಕಿಂಕರಭಾವವು ಅಹಂಕಾರವನ್ನು ಬಿಡುವದಕ್ಕಾಗಿ, ದೇಹವನ್ನು ಬಿಡುವದಕ್ಕಾಗಿ ಅಲ್ಲ. ಈ ದೇಹವು ಕಾಯಕಕ್ಕೆ ಸಾಧನ, ಇಷ್ಟಲಿಂಗಕ್ಕೆ ಆಶ್ರಯ. ಅದರ ರಕ್ಷಣೆಗಾಗಿ ವಿನಯದಿಂದ ಕೇಳುವದು ಅಹಂಕಾರವಾಗಲಾರದು; ಕೇಳದೆ ಅದನ್ನು ಕೆಡಿಸುವದು ಭಕ್ತಿಯಾಗಲಾರದು. ತನ್ನ ಪಕ್ಕದ ಹಾಸಿಗೆಯ ಅನಾಥನಿಗಾಗಿ ಕೇಳಬಲ್ಲವನು ತನಗಾಗಿಯೂ ಕೇಳಬಲ್ಲನು.

ತುರ್ತು ಕೋಣೆಯಲ್ಲಿ ಸರದಿಯು ಬಂದ ಕ್ರಮದಿಂದಲ್ಲ, ಅಪಾಯದ ಕ್ರಮದಿಂದ ನಡೆಯುವದು. ಹಿಂದೆ ಬಂದವನನ್ನು ಮುಂದೆ ಕರೆದರೆ ಅದನ್ನು ಅನ್ಯಾಯವೆಂದು ಭಾವಿಸಬಾರದು. ಆದರೆ ಕಾಯುತ್ತಿರುವಾಗ ಸ್ಥಿತಿ ಕೆಟ್ಟರೆ ಸುಮ್ಮನಿರುವದು ತಾಳ್ಮೆಯಲ್ಲ. ‘ಬಂದಾಗ ಇದ್ದುದಕ್ಕಿಂತ ಈಗ ಉಸಿರು ಹೆಚ್ಚು ಕಟ್ಟುತ್ತಿದೆ, ದಯವಿಟ್ಟು ಇನ್ನೊಮ್ಮೆ ನೋಡಿರಿ’ ಎಂದು ಹೇಳಬೇಕು. ಕೇಳಿಸಿಕೊಳ್ಳದಿದ್ದರೆ ಮತ್ತೆ ಹೇಳಬೇಕು. ಆಗಲೂ ಆಗದಿದ್ದರೆ ‘ಹಿರಿಯ ವೈದ್ಯರು ಯಾರಿದ್ದಾರೆ?’ ಎಂದು ಕೇಳಬೇಕು. ದನಿಯು ಏರಬೇಕಾಗಿಲ್ಲ, ಮಾತು ನಿಲ್ಲಬಾರದು.

ಈ ಕೇಳುವಿಕೆಗೆ ದೇಶದ ನ್ಯಾಯದ ಬೆಂಬಲವೂ ಇರುವದು. ಅಪಘಾತದಲ್ಲಿ ಗಾಯಗೊಂಡ ಒಬ್ಬ ಸ್ಕೂಟರ್ ಸವಾರನನ್ನು ಹತ್ತಿರದ ಆಸ್ಪತ್ರೆಯು ಇದು ಪೊಲೀಸ್ ಪ್ರಕರಣವೆಂದು ಸೇರಿಸಿಕೊಳ್ಳದೆ ದೂರದ ಇನ್ನೊಂದಕ್ಕೆ ಕಳಿಸಿತು. ಅವನು ದಾರಿಯಲ್ಲಿಯೇ ತೀರಿಕೊಂಡನು. ಈ ಪತ್ರಿಕಾವಾರ್ತೆಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟದಲ್ಲಿ ನ್ಯಾಯಾಲಯವು, ಸರಕಾರಿ ವೈದ್ಯನಿರಲಿ ಖಾಸಗಿ ವೈದ್ಯನಿರಲಿ ಮೊದಲು ಪ್ರಾಣವನ್ನುಳಿಸಬೇಕು, ಪೊಲೀಸ್ ವಿಧಿಗಳು ಆಮೇಲೆ ಎಂದು ತೀರ್ಪಿತ್ತಿತು. ಮುಂದೆ 1992ರಲ್ಲಿ ಬಂಗಾಲದ ಒಬ್ಬ ಕೃಷಿಕಾರ್ಮಿಕನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗಳು ಸ್ಥಳವಿಲ್ಲ, ಸಾಧನವಿಲ್ಲವೆಂದು ಕಳಿಸಿಬಿಟ್ಟವು. ಕಡೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬದುಕಿದನು. 1996ರಲ್ಲಿ ಸುಪ್ರೀಂ ಕೋರ್ಟು, ಸಕಾಲದ ಚಿಕಿತ್ಸೆಯನ್ನು ನಿರಾಕರಿಸುವದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೆ ಭಂಗವೆಂದು ಸಾರಿ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು 2017ರಲ್ಲಿ ತಿದ್ದಿ, ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯಬಾರದೆಂದು ವಿಧಿಸಲಾಗಿದೆ. ದೂರುಗಳನ್ನು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವೂ ಇರುವದು. ಗಾಯಗೊಂಡ ಅಪರಿಚಿತನನ್ನು ತಂದು ಸೇರಿಸಿದವರನ್ನು ಪೀಡಿಸಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟು ನಿರ್ದೇಶಗಳನ್ನು ಬಲಪಡಿಸಿದೆ. ಆದ್ದರಿಂದ ದಾರಿಯಲ್ಲಿ ಬಿದ್ದವನನ್ನು ಕಂಡು ಪೊಲೀಸರ ಭಯದಿಂದ ಮುಖ ತಿರುಗಿಸತಕ್ಕ ಕಾರಣವಿಲ್ಲ.

ಶಸ್ತ್ರಕ್ರಿಯೆಯ ಮುಂಚೆ ರುಜು ಕೇಳುವ ಕಾಗದದ ಮಾತೂ ಅಭೀರುತ್ವದೊಳಗೇ ಬರುವದು. 2008ರ ಜನವರಿಯ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಚಿಕಿತ್ಸೆಯ ಸ್ವರೂಪ, ಅದರ ಲಾಭ, ಅಪಾಯ, ಬೇರೆ ದಾರಿ, ಮಾಡದಿದ್ದರೆ ಆಗುವದು ಇವನ್ನು ರೋಗಿಗೆ ತಿಳಿಸಿ ಅವನ ಸಮ್ಮತಿಯನ್ನು ಪಡೆಯಬೇಕೆಂದೂ, ಒಂದು ಕ್ರಿಯೆಗೆ ಕೊಟ್ಟ ಸಮ್ಮತಿಯು ಇನ್ನೊಂದಕ್ಕೆ ಸಲ್ಲದೆಂದೂ ಹೇಳಿತು. ಪ್ರಾಣಾಪಾಯದಲ್ಲಿ ಎಚ್ಚರತಪ್ಪಿದ್ದವನ ಮಾತು ಬೇರೆ. ಅಲ್ಲಿ ವೈದ್ಯನು ಕಾಯದೆ ಮುಂದುವರಿಯಬಹುದು. ಎಚ್ಚರವಿದ್ದವರು ಮಾತ್ರ ಖಾಲಿ ಕಾಗದಕ್ಕೆ ರುಜು ಹಾಕಬಾರದು. ಓದಬಾರದವರು ‘ಕನ್ನಡದಲ್ಲಿ ಓದಿ ಹೇಳಿರಿ’ ಎನ್ನಬೇಕು. ಬೀದರದಿಂದ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋದಾಗ ತೆಲುಗು, ಮರಾಠಿ, ಉರ್ದು ಬಲ್ಲ ಒಬ್ಬರನ್ನು ಸಂಗಡ ಕರೆದೊಯ್ಯುವದು ಔಷಧದಷ್ಟೇ ಅವಶ್ಯ.

ಭಕ್ತರ ಮನಸ್ಸನ್ನು ಕಾಡುವ ಇನ್ನೊಂದು ಸಂದರ್ಭವುಂಟು. ಪರೀಕ್ಷೆಗಾಗಿಯೋ ಶಸ್ತ್ರಕ್ರಿಯೆಗಾಗಿಯೋ ಮೈಮೇಲಿನದನ್ನೆಲ್ಲ ತೆಗೆಯಲು ಹೇಳಿದಾಗ ಇಷ್ಟಲಿಂಗವನ್ನು ಏನು ಮಾಡಬೇಕೆಂದು ವೃದ್ಧರು ತಳಮಳಿಸುವರು. ಕೆಲವರು ಹೇಳದೆ ಮರೆಯಲ್ಲಿಟ್ಟುಕೊಳ್ಳುವರು. ಇದು ಸಲ್ಲದು. ಎಂ.ಆರ್.ಐ. ಯಂತ್ರದಲ್ಲಿ ಪ್ರಬಲವಾದ ಅಯಸ್ಕಾಂತವಿರುವದರಿಂದ ಕರಡಿಗೆ, ಸರಪಳಿ ಮೊದಲಾದ ಲೋಹದ ವಸ್ತುಗಳನ್ನು ಒಳಗೆ ಒಯ್ಯಲೇಬಾರದು. ‘ಇದು ಇಷ್ಟಲಿಂಗ, ನೆಲದ ಮೇಲೆ ಇಡಬೇಡಿರಿ, ಮನೆಯವರ ಕೈಗೆ ಕೊಡಿರಿ’ ಎಂದು ಮೊದಲೇ ಹೇಳಿದರೆ ಯಾವ ವೈದ್ಯನೂ ಅದಕ್ಕೆ ಅಡ್ಡಿಮಾಡಲಾರನು. ಅಂತರಂಗದ ಪ್ರಾಣಲಿಂಗದ ಅನುಸಂಧಾನಕ್ಕೆ ಯಾವ ಯಂತ್ರದ ಬಾಧೆಯೂ ಇಲ್ಲ.

ನಾಲ್ಕನೆಯದು ನಿರ್ದೇಶಕಾರಿತ್ವ. ಕೇಳಿದ್ದಾಯಿತು, ತಿಳಿದದ್ದಾಯಿತು, ಇನ್ನು ಹೇಳಿದಂತೆ ನಡೆಯಬೇಕು. ಪ್ರಶ್ನೆ ಕೇಳುವದಕ್ಕೂ ಹೇಳಿದಂತೆ ನಡೆಯುವದಕ್ಕೂ ವಿರೋಧವಿಲ್ಲ. ತಿಳಿದು ನಡೆಯುವವನೇ ಕಡೆಯವರೆಗೆ ನಡೆಯುವನು. ಹೊರಡುವ ಮುನ್ನ ವೈದ್ಯನ ಮಾತನ್ನು ತನ್ನ ಮಾತಿನಲ್ಲಿ ತಿರುಗಿ ಒಪ್ಪಿಸಬೇಕು: ‘ಈ ಗುಳಿಗೆ ಊಟದ ಮೇಲೆ ಎರಡು ಹೊತ್ತು, ಹಳೆಯ ಗುಳಿಗೆ ನಿಲ್ಲಿಸಬಾರದು, ವಾಂತಿ ಹೆಚ್ಚಾದರೆ ರಾತ್ರಿಯಾದರೂ ಬರಬೇಕು, ಅಲ್ಲವೇ?’ ಎಂದು. ಯಾವ ಚಿಹ್ನೆ ಕಂಡರೆ ಕೂಡಲೆ ಹಿಂದಿರುಗಬೇಕೆಂಬದನ್ನು ಕೇಳದೆ ಮನೆಗೆ ಹೋಗಬಾರದು. ವೈದ್ಯರ ಸಲಹೆಯನ್ನು ಮೀರಿ ರೋಗಿಯನ್ನು ಒಯ್ಯುತ್ತೇವೆಂಬ ಕಾಗದಕ್ಕೆ ರುಜು ಹಾಕುವ ಮೊದಲು, ಒಯ್ದರೆ ಏನಾದೀತೆಂದು ಕೇಳಿ ತಿಳಿಯಬೇಕು.

ಮೇಲಿನ ಆಸ್ಪತ್ರೆಗೆ ಕಳಿಸುವಾಗಿನ ಎಚ್ಚರವೂ ಇದರಲ್ಲಿಯೇ ಸೇರಿದೆ. ಬೀದರದಿಂದ ಕಲಬುರಗಿಯಾಗಲಿ ಹೈದರಾಬಾದಾಗಲಿ ನೂರು ಕಿಲೋಮೀಟರಿಗೆ ಮಿಗಿಲಾದ ದಾರಿ. ಅಷ್ಟು ದೂರಕ್ಕೆ ಹೊರಡುವ ಮುನ್ನ ‘ಪ್ರಯಾಣ ತಾಳುವಷ್ಟು ಸ್ಥಿತಿ ಸುಧಾರಿಸಿದೆಯೇ? ಅಲ್ಲಿ ಹಾಸಿಗೆಯಿದೆಯೆಂದು ಕೇಳಿದ್ದೀರಾ? ಕೊಟ್ಟ ಮದ್ದು ಮತ್ತು ಕೊಟ್ಟ ಹೊತ್ತು ಪತ್ರದಲ್ಲಿ ಬರೆದಿದೆಯೇ?’ ಎಂಬ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. 2008ರಿಂದ ಕರ್ನಾಟಕದಲ್ಲಿ 108 ಸಂಖ್ಯೆಯ ಉಚಿತ ಆಂಬ್ಯುಲೆನ್ಸ್ ಇರುವದು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯು ಹೃದಯಾಘಾತದ ಹೆಪ್ಪನ್ನು ಕರಗಿಸುವ ದುಬಾರಿ ಸೂಜಿಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿಯೂ ಉಚಿತವಾಗಿ ದೊರಕಿಸುವದಕ್ಕಾಗಿಯೇ ಹುಟ್ಟಿದ್ದು. ಭಾಲ್ಕಿ, ಔರಾದಗಳ ಭಕ್ತರು ದೂರದ ದಾರಿ ಹಿಡಿಯುವ ಮುನ್ನ ‘ಆ ಸೂಜಿ ಇಲ್ಲಿದೆಯೇ?’ ಎಂದು ಕೇಳಿ ನೋಡಬೇಕು. ಬಡವರ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ಇರುವದು. ಆ ಚೀಟಿಯನ್ನೂ ಆಧಾರ್ ಕಾರ್ಡನ್ನೂ ವ್ಯಾಧಿಯ ಚೀಟಿಯೊಡನೆಯೇ ಇಡಬೇಕು. ದಾಖಲೆಗಳ ಪ್ರತಿಯನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಗಳು ಹೇಳುತ್ತವೆ. ಅದನ್ನು ಕೇಳಿ ಪಡೆಯುವದು ಜಗಳವಲ್ಲ.

ಇನ್ನು ಉಪಚಾರಕನ ಮಾತು. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಚರಕನು ಅವನಿಗೆ ಹೇಳಿದ್ದಾನೆ. ಪ್ರೀತಿಯು ಈ ಸೀಮೆಯಲ್ಲಿ ಬೇಕಾದಷ್ಟಿದೆ. ಒಬ್ಬ ರೋಗಿಯ ಹಿಂದೆ ಒಂದು ಟೆಂಪೋ ತುಂಬ ಜನ ಬರುವರು. ಆದರೆ ಹದಿನೈದು ಬಾಯಿಗಳು ಒಟ್ಟಿಗೆ ಮಾತಾಡಿದರೆ ವೈದ್ಯನಿಗೆ ಒಂದು ಮಾತೂ ಕೇಳಿಸದು. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ, ಉಳಿದವರು ಹೊರಗೆ ಇರಲಿ. ಮುಖ್ಯವಾಗಿ, ರೋಗಿಗೆ ಮಾತಾಡುವ ಶಕ್ತಿಯಿರುವವರೆಗೆ ರೋಗಿಯೇ ಮಾತಾಡಲಿ. ಹೆಣ್ಣುಮಗಳ ನೋವನ್ನು ಗಂಡನೋ ಅತ್ತೆಯೋ ಹೇಳುವದು, ‘ಇವಳದು ಯಾವಾಗಲೂ ಇದ್ದದ್ದೇ’ ಎಂದು ತಳ್ಳಿಹಾಕುವದು ಬಹಳ ಮನೆಗಳ ರೂಢಿ. ಹೆರಿಗೆಯಾದ ಮೇಲಿನ ರಕ್ತಸ್ರಾವ, ಬಸುರಿಯ ತಲೆನೋವು ಮತ್ತು ಕಣ್ಣು ಮಂಜಾಗುವಿಕೆ, ಇವುಗಳನ್ನು ತಳ್ಳಿಹಾಕಿದುದರ ಬೆಲೆಯನ್ನು ತಾಯಿಯೂ ಮಗುವೂ ಪ್ರಾಣದಿಂದ ತೆರಬೇಕಾಗುವದು. ಹೆಣ್ಣಿಗೂ ಅನುಭಾವದ ಮಂಟಪದಲ್ಲಿ ನುಡಿಯುವ ಅಧಿಕಾರವನ್ನಿತ್ತ ಶರಣರ ಸಂತತಿಯೆಂದು ಹೇಳಿಕೊಳ್ಳುವವರು, ಆಕೆಗೆ ತನ್ನ ನೋವನ್ನು ತಾನೇ ಹೇಳುವ ಅಧಿಕಾರವನ್ನು ದವಾಖಾನೆಯಲ್ಲಿ ಕಸಿದುಕೊಳ್ಳುವದು ಯಾವ ನ್ಯಾಯ?

ವೈದ್ಯರ ಕಷ್ಟವನ್ನೂ ಮರೆಯಬಾರದು. ಜಿಲ್ಲೆಯ ದೊಡ್ಡ ಆಸ್ಪತ್ರೆಯ ತುರ್ತು ಕೋಣೆಗೆ ಒಂದೇ ರಾತ್ರಿಯಲ್ಲಿ ಅಪಘಾತ, ಹಾವು, ಹೆರಿಗೆ, ಹೃದಯಾಘಾತ ಎಲ್ಲವೂ ಬರುವವು. ನೋಡುವ ಕಣ್ಣುಗಳು ಕೆಲವೇ. ಅಂಥಲ್ಲಿ ಸ್ಪಷ್ಟವಾಗಿ ನುಡಿಯುವ ರೋಗಿಯು ವೈದ್ಯನಿಗೆ ಭಾರವಲ್ಲ, ಸಹಾಯಕನು. ಒಳ್ಳೆಯ ವೈದ್ಯನು ಪ್ರಶ್ನೆಗೆ ಮುನಿಯುವದಿಲ್ಲ. ದಣಿದಾಗ ಒರಟಾಗಿ ಉತ್ತರಿಸಿದರೂ ಆ ಉತ್ತರದೊಳಗಿನ ತಿರುಳನ್ನು ಹಿಡಿದು ಒರಟನ್ನು ಬಿಡುವದು ವಿವೇಕ. ಚಿಕಿತ್ಸೆ ಮುಗಿದ ಮೇಲೆ ‘ಬಹಳ ಉಪಕಾರವಾಯಿತು’ ಎಂಬ ಮಾತನ್ನೂ ಹೇಳುವದು ಅದೇ ನುಡಿಯ ಕೊನೆಯ ಅಂಗ.

ಮಹೋತ್ಸವವು ಬಾಜಾಭಜಂತ್ರಿಯೊಡನೆ ಮುಗಿದುಹೋಗಬಾರದು, ಒಂದು ವ್ರತವನ್ನು ಮನೆಗೆ ಒಯ್ಯಬೇಕು. ಆ ವ್ರತವೇನೆಂದರೆ, ಇಂದಿನ ರಾತ್ರಿಯೇ ಮನೆಯ ಹಿರಿಯರ ಹೆಸರಿನಲ್ಲಿ ಒಂದೊಂದು ಚೀಟಿಯನ್ನು ಬರೆದು ದೇವರ ಮಾಡದ ಬಳಿ ಇಡುವದು. ಊರೂರಿಗೆ ಓದುಬಲ್ಲ ಇಬ್ಬರು, ಒಬ್ಬ ಗಂಡುಮಗ ಒಬ್ಬ ಹೆಣ್ಣುಮಗಳು, ಅಕ್ಷರ ಬಾರದವರು ದವಾಖಾನೆಗೆ ಹೋಗುವಾಗ ಅವರ ಸಂಗಡ ಹೋಗುವದಾಗಿ ಒಪ್ಪಿಕೊಳ್ಳುವದು. ಹಸಿದವನಿಗೆ ಅನ್ನವಿಕ್ಕುವದು ದಾಸೋಹ. ನುಡಿಯಲಾರದವನಿಗೆ ನುಡಿಯಾಗುವದೂ ದಾಸೋಹವೇ. ಈ ಎರಡು ಕಾರ್ಯಗಳಿಗೆ ಹಣವೂ ಬೇಡ, ಕಟ್ಟಡವೂ ಬೇಡ. ಆದರೆ ಇವುಗಳಿಂದ ಒಂದು ವರ್ಷದಲ್ಲಿ ಒಂದು ಜೀವ ಉಳಿದರೂ ಮಹೋತ್ಸವವು ಸಾರ್ಥಕವಾದಂತೆಯೇ.

ಶ್ರೀಗಳವರ ಕೃಪೆಯಿಂದ ಸಕಲ ಸದ್ಭಕ್ತರಿಗೂ ಆಯುರಾರೋಗ್ಯಗಳು ಲಭಿಸಲಿ. ಸಂಕಟದ ಗಳಿಗೆಯಲ್ಲಿ ಬಾಯಿಗೆ ಸತ್ಯವಾದ ನುಡಿಯೂ ಮನಸ್ಸಿಗೆ ಧೈರ್ಯವೂ ದೊರೆಯಲಿ. 

ಇತಿ ಶಿವಮ್.